ವಿಕ್ಟೋರಿಯಾ ಯುಗದ ಕಾದಂಬರಿಗಳಲ್ಲಿ ಧರ್ಮದ ಪರೀಕ್ಷೆ

ಚಾರ್ಲ್ಸ್ ಡಿಕನ್ಸ್‌ನ 'ಆಲಿವರ್ ಟ್ವಿಸ್ಟ್' ಕಾದಂಬರಿಯಲ್ಲಿ ಬಂಬಲ್ ಎಂಬ ಅಧಿಕಾರಿಯೊಬ್ಬ ಬರುತ್ತಾನೆ. ಚರ್ಚಿನ ವ್ಯಾಪ್ತಿಗೆ ಸೇರಿದ ಪ್ಯಾರಿಷ್‌ನಲ್ಲಿ ಬಡವರ ಉಸ್ತುವಾರಿ ಅವನ ಕೆಲಸ. ಅವನಿಗೆ ಹೊಸ ಕೋಟು ಸಿಕ್ಕಿದೆ. ಅದರ ಹಿತ್ತಾಳೆ ಗುಂಡಿಗಳ ಮೇಲೆ ಪ್ಯಾರಿಷ್‌ನ ಮುದ್ರೆಯಿದೆ. ಬೈಬಲಿನ ಒಳ್ಳೆಯ ಸಮಾರ್ಯದವನು, ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಉಪಚರಿಸುತ್ತಿರುವ ಚಿತ್ರ ಅದು. ಶವಪೆಟ್ಟಿಗೆ ಮಾಡುವವನು ಆ ಗುಂಡಿಯನ್ನು ಹೊಗಳಿದಾಗ ಬಂಬಲ್ ಹೆಮ್ಮೆಯಿಂದ ಒಂದು ಸಂಗತಿ ಹೇಳುತ್ತಾನೆ. ಆ ಕೋಟನ್ನು ಅವನು ಮೊದಲ ಸಲ ತೊಟ್ಟದ್ದು ಒಬ್ಬ ಬಡ ವ್ಯಾಪಾರಿಯ ಸಾವಿನ ವಿಚಾರಣೆಗೆ ಹೋಗುವಾಗ. ಎಲ್ಲವನ್ನೂ ಕಳೆದುಕೊಂಡಿದ್ದ ಆ ಮನುಷ್ಯ ನಡುರಾತ್ರಿ ಯಾರದೋ ಬಾಗಿಲಲ್ಲಿ ಚಳಿಗೆ, ಹಸಿವಿಗೆ ಪ್ರಾಣ ಬಿಟ್ಟಿದ್ದ.

ಡಿಕನ್ಸ್ ಇಲ್ಲಿ ಏನನ್ನೂ ವಿವರಿಸುವುದಿಲ್ಲ. ಎದೆಯ ಮೇಲೆ ದಯೆಯ ಚಿತ್ರ ಧರಿಸಿದ ಸಂಸ್ಥೆಯನ್ನೂ ಬಾಗಿಲಲ್ಲಿ ಸತ್ತ ಮನುಷ್ಯನನ್ನೂ ಪಕ್ಕಪಕ್ಕದಲ್ಲಿಟ್ಟು ಸುಮ್ಮನಾಗುತ್ತಾನೆ. ಈ ಕಾದಂಬರಿ ಪತ್ರಿಕೆಯಲ್ಲಿ ಕಂತುಕಂತಾಗಿ ಬರತೊಡಗಿದ್ದು 1837ರಲ್ಲಿ. ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದದ್ದೂ ಅದೇ ವರ್ಷ. 1901ರಲ್ಲಿ ಆಕೆ ತೀರಿಕೊಳ್ಳುವವರೆಗಿನ ಆರು ದಶಕಗಳ ಇಂಗ್ಲಿಷ್ ಕಾದಂಬರಿಯಲ್ಲಿ ಈ ಬಗೆಯ ಪರೀಕ್ಷೆ ಮತ್ತೆ ಮತ್ತೆ ನಡೆಯಿತು. ಧರ್ಮಗ್ರಂಥ ಸರಿಯೋ ತಪ್ಪೋ ಎಂದು ಈ ಬರಹಗಾರರು ಹೆಚ್ಚಾಗಿ ಕೇಳಲಿಲ್ಲ. ಗ್ರಂಥವನ್ನು ಕೈಯಲ್ಲಿ ಹಿಡಿದವನು ಬಡವನೊಡನೆ, ಅನಾಥನೊಡನೆ, ತಪ್ಪು ಮಾಡಿದ ಹೆಣ್ಣಿನೊಡನೆ ಹೇಗೆ ನಡೆದುಕೊಂಡ ಎಂದು ಕೇಳಿದರು. ನಮ್ಮ ಕಾಲೇಜುಗಳಲ್ಲಿ ಈ ಕಾದಂಬರಿಗಳನ್ನು ಇಂಗ್ಲಿಷ್ ಕಲಿಕೆಗಾಗಿ, ಪರೀಕ್ಷೆಗಾಗಿ ಓದಿದವರು ಬಹಳ ಮಂದಿ ಇದ್ದಾರೆ. ಅವುಗಳ ಒಳಗೆ ನಡೆದ ಈ ಧಾರ್ಮಿಕ ವಾಗ್ವಾದ ಮಾತ್ರ ಅನೇಕರ ಕಣ್ಣಿಗೆ ಬೀಳುವುದಿಲ್ಲ.

ಬೈಬಲ್ ಬಲ್ಲ ಓದುಗರು

ಆ ಕಾಲದ ಇಂಗ್ಲೆಂಡ್ ಧರ್ಮಶ್ರದ್ಧೆಯ ನಾಡಾಗಿತ್ತು, ಪಂಗಡಗಳ ನಾಡೂ ಆಗಿತ್ತು. ಒಂದು ಕಡೆ ರಾಜಮನ್ನಣೆಯ ಆಂಗ್ಲಿಕನ್ ಚರ್ಚು. ಇನ್ನೊಂದು ಕಡೆ ಅದರಿಂದ ಹೊರಗುಳಿದ ಮೆಥೊಡಿಸ್ಟರು, ಬ್ಯಾಪ್ಟಿಸ್ಟರು, ಯೂನಿಟೇರಿಯನ್ನರು. ಕ್ಯಾಥೊಲಿಕರಿಗೆ ಸಂಸತ್ತಿನ ಬಾಗಿಲು ತೆರೆದದ್ದೇ 1829ರಲ್ಲಿ, ಯಹೂದಿಯರಿಗೆ 1858ರಲ್ಲಿ. 1851ರ ಮಾರ್ಚ್ 30ರ ಭಾನುವಾರ ಸರಕಾರ ಚರ್ಚುಗಳ ಹಾಜರಾತಿಯ ಗಣತಿ ನಡೆಸಿತು. ಹೋಗಲು ಸಾಧ್ಯವಿದ್ದೂ ಹೋಗದವರು ಐವತ್ತು ಲಕ್ಷಕ್ಕೂ ಹೆಚ್ಚು ಎಂಬ ಅಂದಾಜು ಹೊರಬಿದ್ದಾಗ ದೇಶವೇ ಬೆಚ್ಚಿತು. ಹೀಗೆ ಹೊರಗುಳಿದವರಲ್ಲಿ ಹೆಚ್ಚಿನವರು ಕೈಗಾರಿಕಾ ನಗರಗಳ ದುಡಿಯುವ ಬಡವರು.

ಚರ್ಚಿಗೆ ಹೋಗದವನಿಗೂ ಬೈಬಲಿನ ಕಥೆಗಳು ಗೊತ್ತಿದ್ದ ಕಾಲ ಅದು. ಜಾನ್ ಬನ್ಯನ್‌ನ 'ಯಾತ್ರಿಕನ ಪ್ರಯಾಣ'ವಂತೂ ಮನೆಮನೆಯ ಪುಸ್ತಕ. ಅದನ್ನು ಮಿಶನರಿಗಳು 19ನೇ ಶತಮಾನದಲ್ಲೇ ಕನ್ನಡಕ್ಕೂ ತಂದರು. ಥ್ಯಾಕರೆ ತನ್ನ 'ವ್ಯಾನಿಟಿ ಫೇರ್' ಕಾದಂಬರಿಯ ಹೆಸರನ್ನು ಎತ್ತಿಕೊಂಡದ್ದು ಬನ್ಯನ್ನನ ಸಂತೆಯಿಂದಲೇ. ಕಾದಂಬರಿಕಾರರಲ್ಲೂ ಹಲವರು ಧಾರ್ಮಿಕ ಮನೆಗಳಲ್ಲಿ ಬೆಳೆದವರು. ಶಾರ್ಲೆಟ್ ಬ್ರಾಂಟೆ ಪಾದ್ರಿಯ ಮಗಳು. ಎಲಿಜಬೆತ್ ಗ್ಯಾಸ್ಕೆಲ್ ಮ್ಯಾಂಚೆಸ್ಟರ್‌ನ ಯೂನಿಟೇರಿಯನ್ ಧರ್ಮಬೋಧಕನ ಹೆಂಡತಿ. ಡಿಕನ್ಸ್ ತನ್ನ ಮಕ್ಕಳಿಗೆಂದೇ ಯೇಸುವಿನ ಜೀವನಚರಿತ್ರೆಯನ್ನು ಸರಳವಾಗಿ ಬರೆದಿಟ್ಟಿದ್ದ. ಅದು ಅಚ್ಚಾದದ್ದು 1934ರಲ್ಲಿ, ಅವನು ತೀರಿಕೊಂಡು ಆರು ದಶಕಗಳು ಕಳೆದ ಮೇಲೆ. ಹಾಗಾಗಿ ಇವರು ಮಾಡಿದ ಟೀಕೆ ಹೊರಗಿನವರ ಅಪಹಾಸ್ಯವಲ್ಲ. ಮನೆಯೊಳಗಿನವರು ಮನೆಯವರಿಗೇ ಹೇಳಿದ ಮಾತು.

ಉಪವಾಸದ ಉಪದೇಶ

ಇದಕ್ಕೆ ಒಳ್ಳೆಯ ಉದಾಹರಣೆ ಶಾರ್ಲೆಟ್ ಬ್ರಾಂಟೆಯ 'ಜೇನ್ ಐರ್' (1847). ಅನಾಥೆ ಜೇನ್ ಸೇರುವ ಲೋವುಡ್ ಎಂಬ ಧರ್ಮಾರ್ಥ ಶಾಲೆಯನ್ನು ಬ್ರಾಕಲ್‌ಹರ್ಸ್ಟ್ ಎಂಬ ಪಾದ್ರಿ ನಡೆಸುತ್ತಾನೆ. ಬೆಳಗಿನ ಗಂಜಿ ಸೀದು ಹೋಗಿ ಹುಡುಗಿಯರು ಹಸಿದಿದ್ದಾಗ ಶಿಕ್ಷಕಿ ಅವರಿಗೆ ರೊಟ್ಟಿ, ಗಿಣ್ಣು ಕೊಡಿಸುತ್ತಾಳೆ. ಅದನ್ನು ಕೇಳಿ ಪಾದ್ರಿ ಸಿಡಿಮಿಡಿಗೊಳ್ಳುತ್ತಾನೆ. ಮಕ್ಕಳ ಹೊಟ್ಟೆ ತುಂಬಿಸಿದರೆ ಆತ್ಮ ಸೊರಗುತ್ತದೆ ಎಂಬುದು ಅವನ ವಾದ. ಹುಡುಗಿಯೊಬ್ಬಳ ಗುಂಗುರು ಕೂದಲೂ ಅವನಿಗೆ ಪಾಪವಾಗಿ ಕಾಣುತ್ತದೆ, ಕತ್ತರಿಸಲು ಆಜ್ಞೆ ಮಾಡುತ್ತಾನೆ. ಅದೇ ಹೊತ್ತಿಗೆ ಒಳಬರುವ ಅವನ ಹೆಂಡತಿ, ಹೆಣ್ಣುಮಕ್ಕಳು ರೇಷ್ಮೆ, ಮಖಮಲ್ಲು ತೊಟ್ಟು ಸುರುಳಿ ಸುರುಳಿಯಾಗಿ ತಲೆ ಬಾಚಿಕೊಂಡಿರುತ್ತಾರೆ. ಮುಂದೆ ಶಾಲೆಗೆ ಜ್ವರ ಹೊಕ್ಕಾಗ ಎಂಬತ್ತು ಹುಡುಗಿಯರಲ್ಲಿ ನಲವತ್ತೈದು ಮಂದಿ ಏಕಕಾಲಕ್ಕೆ ಹಾಸಿಗೆ ಹಿಡಿಯುತ್ತಾರೆ.

ಇದು ಬರಿಯ ಕಲ್ಪನೆಯಾಗಿರಲಿಲ್ಲ. ಪಾದ್ರಿಗಳ ಹೆಣ್ಣುಮಕ್ಕಳಿಗೆಂದು ಇದ್ದ ಅಂಥದೇ ಶಾಲೆಯಲ್ಲಿ ಬ್ರಾಂಟೆ ಓದಿದ್ದಳು. ಅಲ್ಲಿಂದ ಕಾಯಿಲೆ ಬಿದ್ದು ಮನೆಗೆ ಮರಳಿದ ಅವಳ ಇಬ್ಬರು ಅಕ್ಕಂದಿರು, ಮರಿಯಾ ಮತ್ತು ಎಲಿಜಬೆತ್, 1825ರಲ್ಲಿ ಕೆಲವೇ ವಾರಗಳ ಅಂತರದಲ್ಲಿ ತೀರಿಕೊಂಡಿದ್ದರು. ಆದರೂ ಅವಳು ಧರ್ಮವನ್ನೇ ತಿರಸ್ಕರಿಸಲಿಲ್ಲ. ಅದೇ ಶಾಲೆಯಲ್ಲಿ ಹೆಲೆನ್ ಬರ್ನ್ಸ್ ಎಂಬ ಹುಡುಗಿಯನ್ನೂ ಇಟ್ಟಳು. ಅನ್ಯಾಯವನ್ನು ಸಹಿಸಿ, ದ್ವೇಷ ಬಿಟ್ಟು, ದೇವರ ಮೇಲಿನ ಭರವಸೆಯಿಂದ ಸಾಯುವ ಹುಡುಗಿ ಆಕೆ. ಒಂದೇ ಸೂರಿನಡಿ ಒಂದೇ ಗ್ರಂಥವನ್ನು ಓದುವ ಇಬ್ಬರು ಎಷ್ಟು ದೂರ ಇರಬಲ್ಲರು ಎಂಬುದನ್ನು ಓದುಗರೇ ಕಾಣಬೇಕು.

ಎಲ್ಲರಿಗೂ ಅದು ಕಾಣಲಿಲ್ಲ. 1848ರಲ್ಲಿ ಒಂದು ಪ್ರತಿಷ್ಠಿತ ಪತ್ರಿಕೆಯ ವಿಮರ್ಶಕಿ ಈ ಕಾದಂಬರಿಯನ್ನು ಕ್ರೈಸ್ತವಿರೋಧಿ ಎಂದೇ ಕರೆದಳು. ಅದಕ್ಕೂ ಮೊದಲೇ ಇಂಥ ಆಕ್ಷೇಪಗಳ ಸುಳಿವು ಹಿಡಿದಿದ್ದ ಬ್ರಾಂಟೆ ಎರಡನೇ ಮುದ್ರಣದ ಮುನ್ನುಡಿಯಲ್ಲಿ ಉತ್ತರ ಕೊಟ್ಟಿದ್ದಳು. ರೂಢಿ ಬೇರೆ ನೀತಿ ಬೇರೆ, ತಾನೇ ಸಜ್ಜನನೆಂಬ ಅಹಂಕಾರ ಬೇರೆ ಧರ್ಮ ಬೇರೆ, ಒಂದನ್ನು ಟೀಕಿಸಿದರೆ ಇನ್ನೊಂದಕ್ಕೆ ಪೆಟ್ಟು ಬೀಳುವುದಿಲ್ಲ ಎಂಬುದು ಅದರ ಸಾರ. ಧರ್ಮದ ಹೆಸರಿನಲ್ಲಿ ನಡೆಯುವ ತಪ್ಪನ್ನು ಎತ್ತಿ ತೋರಿಸಿದವರು ಯಾವ ಸಮುದಾಯದಲ್ಲೂ ಕೊಡಬೇಕಾಗಿ ಬರುವ ಉತ್ತರ ಇದು.

ದೂರದ ದಾನ, ಹತ್ತಿರದ ಹಸಿವು

ಡಿಕನ್ಸ್‌ನ 'ಬ್ಲೀಕ್ ಹೌಸ್' (1852-53) ಕಾದಂಬರಿಯಲ್ಲಿ ಶ್ರೀಮತಿ ಜೆಲಿಬಿ ಎಂಬ ಸಮಾಜಸೇವಕಿ ಇದ್ದಾಳೆ. ಆಫ್ರಿಕದ ನೈಜರ್ ನದಿಯ ದಡದ ಒಂದು ಊರಿನ ಉದ್ಧಾರಕ್ಕಾಗಿ ಅವಳು ಹಗಲಿರುಳು ಪತ್ರ ಬರೆಯುತ್ತಾಳೆ. ಅವಳ ಸ್ವಂತ ಮಗುವಿನ ತಲೆ ಮನೆಮುಂದಿನ ಕಬ್ಬಿಣದ ಸರಳುಗಳ ನಡುವೆ ಸಿಕ್ಕಿಕೊಂಡದ್ದು ಅವಳಿಗೆ ಗೊತ್ತಾಗುವುದಿಲ್ಲ. ಅದೇ ಕಾದಂಬರಿಯಲ್ಲಿ ಜೋ ಎಂಬ ಹುಡುಗ ಲಂಡನ್ನಿನ ರಸ್ತೆಯ ಕೆಸರು ಗುಡಿಸಿ ಬದುಕುತ್ತಾನೆ. ಅವನಿಗೆ ಅಪ್ಪ ಅಮ್ಮ ಇಲ್ಲ, ಅಕ್ಷರ ಇಲ್ಲ. ಹೊರದೇಶಗಳಲ್ಲಿ ಸುವಾರ್ತೆ ಸಾರುವ ಸಂಸ್ಥೆಯ ಮೆಟ್ಟಿಲ ಮೇಲೆ ಕುಳಿತು ಅವನು ತನ್ನ ತುಂಡು ರೊಟ್ಟಿ ತಿನ್ನುತ್ತಾನೆ. ಕೂರಲು ಜಾಗ ಸಿಕ್ಕಿದ್ದಕ್ಕೆ ಕೃತಜ್ಞತೆಯೆಂಬಂತೆ ಮೆಟ್ಟಿಲನ್ನು ಗುಡಿಸಿ ಹೋಗುತ್ತಾನೆ.

ಜೋ ಸಾಯುವಾಗ ಪಕ್ಕದಲ್ಲಿರುವ ವೈದ್ಯ ಅವನಿಗೆ ಪ್ರಾರ್ಥನೆ ಹೇಳಿಕೊಡುತ್ತಾನೆ. ತಮ್ಮ ಕೇರಿಗೆ ಪ್ರಾರ್ಥನೆ ಮಾಡಲು ಮಹನೀಯರು ಬರುತ್ತಿದ್ದುದು ಹುಡುಗನಿಗೆ ನೆನಪಿದೆ. ಆದರೆ ಉಳಿದವರ ಪ್ರಾರ್ಥನೆ ತಪ್ಪು ಎಂದು ಹೇಳುವುದರಲ್ಲೇ ಅವರ ಹೊತ್ತು ಕಳೆಯುತ್ತಿತ್ತಂತೆ. ಪಂಗಡ ಜಗಳದ ಬಗ್ಗೆ ಉದ್ದನೆಯ ಪ್ರಬಂಧಗಳು ಹೇಳಲಾಗದ್ದನ್ನು ಈ ಅನಾಥ ಬಾಲಕನ ಒಂದು ನೆನಪು ಹೇಳುತ್ತದೆ. ಹೊರಗೆ ಒಬ್ಬ ಹುಡುಗ ಹಸಿದಿರುವಾಗ ಒಳಗೆ ಸಣ್ಣಪುಟ್ಟ ಭಿನ್ನಮತಗಳ ಮೇಲೆ ಗಂಟಲು ಹರಿದುಕೊಳ್ಳುವುದು ಲಂಡನ್ನಿಗೆ ಮಾತ್ರ ಸೀಮಿತವಾದ ದೃಶ್ಯವೇ?

ಹಸಿದವನನ್ನು ಕಡೆಗಣಿಸಿದರೆ ನನ್ನನ್ನೇ ಕಡೆಗಣಿಸಿದಂತೆ ಎಂದು ಅಂತಿಮ ತೀರ್ಪಿನ ದಿನ ಹೇಳಲಾಗುವುದೆಂಬ ಬೋಧನೆ ಮತ್ತಾಯನ ಸುವಾರ್ತೆಯಲ್ಲಿದೆ. ವಿಕ್ಟೋರಿಯಾ ಯುಗದ ಬಹುತೇಕ ಸಾಮಾಜಿಕ ಕಾದಂಬರಿಗಳ ಬೇರು ಅಲ್ಲಿದೆ. ಇದೇ ಅರ್ಥದ ಪ್ರವಾದಿ ವಚನ ಸಹೀಹ್ ಮುಸ್ಲಿಮ್ ಸಂಗ್ರಹದಲ್ಲೂ ಇದೆ. ಅನಾಥನನ್ನು ದೂರ ತಳ್ಳುವ, ತೋರಿಕೆಗೆ ನಮಾಝ್ ಮಾಡುವವರನ್ನು ಕುರ್‌ಆನಿನ ಅಲ್ ಮಾಊನ್ ಅಧ್ಯಾಯ ಎಷ್ಟು ಕಟುವಾಗಿ ಎಚ್ಚರಿಸುತ್ತದೆಂಬುದೂ ಓದುಗರಿಗೆ ತಿಳಿದದ್ದೇ. ಈ ಕಾದಂಬರಿಗಳ ಧಾರ್ಮಿಕ ಕಳಕಳಿ ಮುಸ್ಲಿಮ್ ಓದುಗನಿಗೆ ಅಪರಿಚಿತವೆನಿಸದಿರಲು ಇದೇ ಕಾರಣ.

ಹನ್ನೆರಡು ಮುದುಕರು, ಎಂಟುನೂರು ಪೌಂಡು

ವಕ್ಫ್ ಆಸ್ತಿಗಳ ಕುರಿತು ಚಿಂತಿಸುವವರು ಓದಲೇಬೇಕಾದ ಇಂಗ್ಲಿಷ್ ಕಾದಂಬರಿ ಆಂಟನಿ ಟ್ರಾಲಪ್‌ನ 'ದಿ ವಾರ್ಡನ್' (1855). 1434ರಲ್ಲಿ ಹೈರಮ್ ಎಂಬಾತ ತನ್ನ ಜಮೀನನ್ನು ಹನ್ನೆರಡು ಮಂದಿ ಬಡ ವೃದ್ಧ ಕೂಲಿಗಳ ಆಶ್ರಯಕ್ಕೆಂದು ಬರೆದುಕೊಟ್ಟಿದ್ದ ಎಂದು ಕಥೆ ಆರಂಭವಾಗುತ್ತದೆ. ಶತಮಾನಗಳು ಕಳೆದು ಜಮೀನಿನ ಬೆಲೆ ಏರಿತು. ಮುದುಕರಿಗೆ ಸಿಗುವುದು ಅದೇ ದಿನಕ್ಕಿಷ್ಟು ಪುಡಿಗಾಸು. ಹೆಚ್ಚಿದ ಆದಾಯ ಹರಿದದ್ದು ಮೇಲ್ವಿಚಾರಕ ಪಾದ್ರಿಯ ಕಡೆಗೆ. ಅವನಿಗೆ ವರ್ಷಕ್ಕೆ ಎಂಟುನೂರು ಪೌಂಡು ಮತ್ತು ಚಂದದ ಮನೆ. ದಾನದ ಆಸ್ತಿಯ ಇಂಥ ದುರುಪಯೋಗದ ಹಗರಣಗಳು ಆಗ ಇಂಗ್ಲೆಂಡಿನಲ್ಲಿ ನಿಜವಾಗಿಯೂ ಬಯಲಾಗುತ್ತಿದ್ದವು. ವಿಂಚೆಸ್ಟರ್‌ನ ಸೇಂಟ್ ಕ್ರಾಸ್ ಆಶ್ರಮದ ಪ್ರಕರಣ ಅವುಗಳಲ್ಲೊಂದು.

ಟ್ರಾಲಪ್ ಇಲ್ಲಿ ಖಳನಾಯಕನನ್ನು ಸೃಷ್ಟಿಸುವುದಿಲ್ಲ. ಮೇಲ್ವಿಚಾರಕ ಹಾರ್ಡಿಂಗ್ ಸಾಧು ಮನುಷ್ಯ. ಮುದುಕರನ್ನು ಪ್ರೀತಿಸುತ್ತಾನೆ, ತನ್ನ ಜೇಬಿನಿಂದ ಅವರಿಗೆ ದಿನಕ್ಕೆ ಎರಡು ಪೆನ್ಸ್ ಹೆಚ್ಚು ಕೊಡುತ್ತಾನೆ. ಈ ಹಣ ನಿಜವಾಗಿ ತನಗೆ ಸೇರಬೇಕಾದದ್ದೇ ಎಂಬ ಪ್ರಶ್ನೆ ಮಾತ್ರ ಅವನಿಗೆ ಎಂದೂ ಹೊಳೆದಿರಲಿಲ್ಲ. ಸುಧಾರಕನೊಬ್ಬ ಅದನ್ನು ಎತ್ತುತ್ತಾನೆ, ಪತ್ರಿಕೆ ಗುಲ್ಲೆಬ್ಬಿಸುತ್ತದೆ. ಮೊಕದ್ದಮೆ ನಿಲ್ಲುವುದಿಲ್ಲ, ನೀವು ಗೆದ್ದಿರಿ ಎಂದು ವಕೀಲ ಹೇಳುತ್ತಾನೆ. ಹಾರ್ಡಿಂಗ್‌ಗೆ ಬೇಕಿದ್ದದ್ದು ಗೆಲುವಲ್ಲ, ತಾನು ಸರಿಯೇ ಎಂಬ ಉತ್ತರ. ಅದು ಸಿಗದಾಗ ಅವನು ರಾಜೀನಾಮೆ ಕೊಡುತ್ತಾನೆ.

ಇಲ್ಲಿಗೆ ಮುಗಿದಿದ್ದರೆ ಇದು ನೀತಿಕಥೆಯಾಗುತ್ತಿತ್ತು. ಹಾರ್ಡಿಂಗ್ ಹೋದ ಮೇಲೆ ಆ ಸ್ಥಾನ ಖಾಲಿ ಬೀಳುತ್ತದೆ. ಮುದುಕರು ಒಬ್ಬೊಬ್ಬರಾಗಿ ಸಾಯುತ್ತಾರೆ. ಅವರ ಜಾಗಕ್ಕೆ ಹೊಸಬರು ಬರುವುದಿಲ್ಲ. ನೂರು ಪೌಂಡಿನ ಆಸೆ ಹುಟ್ಟಿಸಿದವರು ಯಾರೂ ತಿರುಗಿ ನೋಡುವುದಿಲ್ಲ. ಆಸ್ತಿಯ ಲೆಕ್ಕ ಕೇಳುವುದು ಧರ್ಮ. ಲೆಕ್ಕ ಕೇಳಿದ ಮೇಲೆ ಫಲಾನುಭವಿಯನ್ನು ನಡುದಾರಿಯಲ್ಲಿ ಬಿಡದಿರುವುದೂ ಧರ್ಮ. ಈ ಎರಡನೆಯದನ್ನು ಸುಧಾರಕರು ಮರೆಯುವ ಅಪಾಯವನ್ನು ಟ್ರಾಲಪ್ ಕಂಡಿದ್ದ.

ಕಲ್ಲೆಸೆಯುವ ಕೈಗಳು

ವ್ಯಭಿಚಾರದ ಆರೋಪ ಹೊತ್ತ ಹೆಣ್ಣಿನ ಮೇಲೆ, ಪಾಪ ಮಾಡದವನು ಮೊದಲ ಕಲ್ಲೆಸೆಯಲಿ ಎಂದ ಯೇಸುವಿನ ಪ್ರಸಂಗ ಪ್ರಸಿದ್ಧ. ಅದನ್ನು ಪ್ರತಿ ಭಾನುವಾರದ ಧರ್ಮದಲ್ಲಿ ಬೆಳೆದ ಸಮಾಜ ತನ್ನ ಬೀದಿಯ ಹೆಣ್ಣನ್ನು ಕ್ಷಮಿಸಿತೇ? ಗ್ಯಾಸ್ಕೆಲ್‌ಳ 'ರೂತ್' (1853) ಕೇಳುವುದು ಇದನ್ನೇ. ಶ್ರೀಮಂತ ಯುವಕನೊಬ್ಬ ಮೋಸಮಾಡಿ ಬಿಟ್ಟುಹೋದ ಹದಿಹರೆಯದ ಗರ್ಭಿಣಿಯನ್ನು ಬೆನ್ಸನ್ ಎಂಬ ಬಡ ಧರ್ಮಬೋಧಕ ಮನೆಗೆ ಕರೆತಂದು ಸಾಕುತ್ತಾನೆ. ಸಮಾಜದ ಬಾಯಿಗೆ ಹೆದರಿ ಅವಳನ್ನು ವಿಧವೆಯೆಂದು ಹೇಳುತ್ತಾನೆ. ಸತ್ಯ ಹೊರಬಿದ್ದಾಗ ಊರಿನ ಗಣ್ಯ ಅವಳನ್ನು ಹೊರದಬ್ಬುತ್ತಾನೆ. ಮುಂದೆ ಊರಿಗೆ ಸಾಂಕ್ರಾಮಿಕ ಜ್ವರ ಬಂದಾಗ, ಯಾರೂ ಕಾಲಿಡದ ಆಸ್ಪತ್ರೆಗೆ ಶುಶ್ರೂಷೆಗೆ ಹೋಗುವವಳು ಆ ರೂತ್. ಈ ಪುಸ್ತಕದ ಮೊದಲ ಸಂಪುಟವನ್ನು ಗ್ಯಾಸ್ಕೆಲ್‌ಳ ಗಂಡನ ಸಭೆಗೇ ಸೇರಿದ ಇಬ್ಬರು ಸುಟ್ಟುಹಾಕಿದರು. ಆಕೆಗೆ ಅದು ಬಹಳ ನೋವು ತಂದಿತು.

ಜಾರ್ಜ್ ಎಲಿಯಟ್ ಎಂಬ ಗಂಡಸಿನ ಹೆಸರಿನಲ್ಲಿ ಬರೆದ ಮೇರಿ ಆ್ಯನ್ ಇವಾನ್ಸ್‌ಳ 'ಆಡಮ್ ಬೀಡ್' (1859) ಇನ್ನೂ ಮುಂದೆ ಹೋಗುತ್ತದೆ. ಹೆಟ್ಟಿ ಎಂಬ ಹುಡುಗಿ ತನ್ನ ಹಸುಗೂಸನ್ನು ಕಾಡಿನಲ್ಲಿ ಬಿಟ್ಟು ಅದರ ಸಾವಿಗೆ ಕಾರಣಳಾಗಿ ಮರಣದಂಡನೆಗೆ ಗುರಿಯಾಗುತ್ತಾಳೆ. ಡೈನಾ ಎಂಬ ಮೆಥೊಡಿಸ್ಟ್ ಬೋಧಕಿ ಅವಳ ಸೆರೆಕೋಣೆಯೊಳಗೆ ಹೋಗಿ, ಬಾಗಿಲು ಮುಚ್ಚಿಸಿಕೊಂಡು, ಕತ್ತಲೆಯಲ್ಲಿ ಅವಳನ್ನು ಅಪ್ಪಿ ಕುಳಿತುಕೊಳ್ಳುತ್ತಾಳೆ. ನ್ಯಾಯಾಲಯಕ್ಕೆ ಬಾಯಿಬಿಡದ ಹೆಟ್ಟಿ ಅವಳ ಮುಂದೆ ಎಲ್ಲವನ್ನೂ ಹೇಳಿ ಅಳುತ್ತಾಳೆ. ಇದನ್ನು ಬರೆಯುವ ಹೊತ್ತಿಗೆ ಎಲಿಯಟ್ ಸಾಂಪ್ರದಾಯಿಕ ಕ್ರೈಸ್ತ ನಂಬಿಕೆಯನ್ನು ಬಿಟ್ಟಿದ್ದಳು. 1842ರಲ್ಲೇ ಅಪ್ಪನೊಡನೆ ಚರ್ಚಿಗೆ ಹೋಗಲು ನಿರಾಕರಿಸಿದ್ದಳು. ಆದರೂ ಮೆಥೊಡಿಸ್ಟ್ ಬೋಧಕಿಯಾಗಿದ್ದ ತನ್ನ ಚಿಕ್ಕಮ್ಮನಿಂದ ಕೇಳಿದ ಘಟನೆಯನ್ನು ಅಪಾರ ಗೌರವದಿಂದ ಕಥೆಯಾಗಿಸಿದಳು. ನಂಬಿಕೆ ಕಳೆದುಕೊಂಡವರೆಲ್ಲ ನಂಬುವವರನ್ನು ಹೀಗಳೆಯುತ್ತಾರೆ ಎಂಬ ಮಾತಿಗೆ ಇದು ಅಪವಾದ.

ಅವಳದೇ 'ಮಿಡಲ್‌ಮಾರ್ಚ್' (1871-72) ಕಾದಂಬರಿಯ ಬ್ಯಾಂಕರ್ ಬುಲ್‌ಸ್ಟ್ರೋಡ್‌ನನ್ನು ಡಾಂಭಿಕನೆಂದು ಒಂದೇ ಮಾತಿನಲ್ಲಿ ತಳ್ಳಿಹಾಕಲಾಗದು. ಕಳವಿನ ಮಾಲು ದಕ್ಕಿಸಿಕೊಳ್ಳುವ ಗಿರವಿ ವ್ಯಾಪಾರದಿಂದ ಬಂದ ಹಣ, ನ್ಯಾಯವಾದ ವಾರಸುದಾರಳನ್ನು ಮರೆಮಾಚಿ ಪಡೆದ ಹಣ ಅವನದು. ಅದನ್ನು ದೇವರ ಕಾರ್ಯಕ್ಕೆ ಬಳಸುತ್ತಿದ್ದೇನಲ್ಲ ಎಂದು ಅವನು ದಿನವೂ ಪ್ರಾರ್ಥನೆಯಲ್ಲಿ ತನಗೇ ಸಮಾಧಾನ ಹೇಳಿಕೊಳ್ಳುತ್ತಾನೆ. ಅವನು ಊರಿಗೆ ಸುಳ್ಳು ಹೇಳುವ ಮೊದಲು ದೇವರೆದುರು ಸುಳ್ಳು ಹೇಳಲು ಕಲಿತಿದ್ದಾನೆ. ಗುಟ್ಟು ರಟ್ಟಾದಾಗ ಅವನ ಹೆಂಡತಿ ಕೋಣೆಯ ಬಾಗಿಲು ಹಾಕಿಕೊಂಡು ಒಡವೆಗಳನ್ನು ಕಳಚಿ, ಸಾದಾ ಕಪ್ಪು ಉಡುಪು ತೊಟ್ಟು, ಕೆಳಗಿಳಿದು ಬಂದು ಗಂಡನ ಪಕ್ಕದಲ್ಲಿ ಕುಳಿತುಕೊಳ್ಳುತ್ತಾಳೆ. ಅವಳು ತಪ್ಪನ್ನು ಸಮರ್ಥಿಸುವುದಿಲ್ಲ, ಮನುಷ್ಯನನ್ನು ಬಿಟ್ಟುಹೋಗುವುದೂ ಇಲ್ಲ.

ಸಂಶಯದ ಕಾಲ

1859ರಲ್ಲಿ ಡಾರ್ವಿನ್ನನ ಗ್ರಂಥ ಬಂತು. ಅದಕ್ಕೂ ಮೊದಲೇ ಜರ್ಮನ್ ವಿದ್ವಾಂಸರು ಬೈಬಲನ್ನು ಚರಿತ್ರೆಯ ಕಣ್ಣಿನಿಂದ ಪರಿಶೀಲಿಸತೊಡಗಿದ್ದರು. ಅವರಲ್ಲಿ ಸ್ಟ್ರಾಸ್‌ನ ಗ್ರಂಥವನ್ನು ಇಂಗ್ಲಿಷಿಗೆ ತಂದವಳು ಎಲಿಯಟ್ಟೇ. ಶತಮಾನದ ಕೊನೆಗೆ, 1888ರಲ್ಲಿ ಶ್ರೀಮತಿ ಹಂಫ್ರಿ ವಾರ್ಡ್ ಎಂಬಾಕೆಯ 'ರಾಬರ್ಟ್ ಎಲ್ಸ್‌ಮಿಯರ್' ಬಂತು. ಪವಾಡಗಳಲ್ಲಿ ನಂಬಿಕೆ ಕಳೆದುಕೊಂಡ ಪಾದ್ರಿ ಹುದ್ದೆ ಬಿಟ್ಟು ಲಂಡನ್ನಿನ ಬಡವರ ನಡುವೆ ದುಡಿಯಲು ಹೋಗುವ ಕಥೆ ಅದು. ಮಾಜಿ ಪ್ರಧಾನಿ ಗ್ಲ್ಯಾಡ್‌ಸ್ಟನ್ ಅದಕ್ಕೆ ದೀರ್ಘ ವಿಮರ್ಶೆ ಬರೆದು ವಾದಿಸಿದ. ಏಳು ವರ್ಷಗಳ ಬಳಿಕ ಥಾಮಸ್ ಹಾರ್ಡಿಯ 'ಜೂಡ್' ಬಂದಾಗ ಒಬ್ಬ ಬಿಷಪ್ ಅದನ್ನು ಬೆಂಕಿಗೆ ಹಾಕಿದ್ದಾಗಿ ಪತ್ರಿಕೆಗೆ ಬರೆದ. ಒಬ್ಬ ವಾದದಿಂದ ಎದುರಿಸಿದ, ಇನ್ನೊಬ್ಬ ಬೆಂಕಿಯಿಂದ. ಎರಡೂ ಕಾದಂಬರಿಗಳು ಉಳಿದವು.

ಈ ಸಂಶಯದ ನಡುವೆ ಗ್ಯಾಸ್ಕೆಲ್‌ಳ 'ನಾರ್ತ್ ಅಂಡ್ ಸೌತ್' (1854-55) ಕಾದಂಬರಿಯ ಒಂದು ದೃಶ್ಯ ಮನಸ್ಸಿನಲ್ಲಿ ನಿಲ್ಲುತ್ತದೆ. ಆತ್ಮಸಾಕ್ಷಿಯ ಕಾರಣಕ್ಕೆ ಚರ್ಚು ಬಿಟ್ಟ ಮಾಜಿ ಪಾದ್ರಿ, ಚರ್ಚಿಗೆ ನಿಷ್ಠಳಾದ ಅವನ ಮಗಳು, ದೇವರನ್ನೇ ನಂಬದ ಗಿರಣಿ ಕಾರ್ಮಿಕ, ಮೂವರೂ ಒಂದು ರಾತ್ರಿ ಒಟ್ಟಿಗೆ ಮೊಣಕಾಲೂರುತ್ತಾರೆ. ಕಾರ್ಮಿಕನ ಮಗಳು ಆಗಷ್ಟೇ ತೀರಿಕೊಂಡಿದ್ದಾಳೆ. ಇದರಿಂದ ಅವರಿಗೆ ಯಾವ ಕೇಡೂ ಆಗಲಿಲ್ಲ ಎಂಬಷ್ಟನ್ನೇ ಹೇಳಿ ಲೇಖಕಿ ಅಧ್ಯಾಯ ಮುಗಿಸುತ್ತಾಳೆ.

ಅನ್ಯಧರ್ಮೀಯನ ಪ್ರಶ್ನೆ

ತಮ್ಮವರ ದೋಷಗಳನ್ನು ಇಷ್ಟು ಸೂಕ್ಷ್ಮವಾಗಿ ಕಂಡ ಈ ಕಣ್ಣುಗಳು ಪರಧರ್ಮದವರನ್ನು ಹೇಗೆ ಕಂಡವು? ಇಲ್ಲಿ ಉತ್ತರ ಅಷ್ಟು ಹಿತವಾಗಿಲ್ಲ. 'ಜೇನ್ ಐರ್'ನಲ್ಲಿ ಸೇಂಟ್ ಜಾನ್ ಎಂಬ ಪಾದ್ರಿ ಭಾರತಕ್ಕೆ ಮಿಶನರಿಯಾಗಿ ಹೊರಡುತ್ತಾನೆ. ಜೇನ್‌ಳಿಗೂ ಹಿಂದೂಸ್ತಾನಿ ಕಲಿಸುತ್ತಾನೆ. ಅವನ ಕಠೋರತೆಯನ್ನು ಬ್ರಾಂಟೆ ವಿಮರ್ಶಿಸುತ್ತಾಳೆ. ಆದರೆ ಅವನು ಉದ್ಧರಿಸ ಹೊರಟ ಭಾರತೀಯರಿಗೆ ಕಾದಂಬರಿಯಲ್ಲಿ ಮುಖವೇ ಇಲ್ಲ. ಜೆಲಿಬಿಯ ಆಫ್ರಿಕನ್ನರೂ ನಗೆಗೆ ನೆಪ ಮಾತ್ರ. 'ಆಲಿವರ್ ಟ್ವಿಸ್ಟ್'ನಲ್ಲಿ ಮಕ್ಕಳಿಗೆ ಕಳ್ಳತನ ಕಲಿಸುವ ಫೇಗಿನ್‌ನನ್ನು ಡಿಕನ್ಸ್ ನೂರಾರು ಸಲ 'ಯಹೂದಿ' ಎಂದೇ ಕರೆದ. ಕ್ರೈಸ್ತ ಕಳ್ಳರನ್ನು ಧರ್ಮದ ಹೆಸರು ಹಿಡಿದು ಕರೆಯಲಿಲ್ಲ.

1863ರಲ್ಲಿ ಎಲೈಜಾ ಡೇವಿಸ್ ಎಂಬ ಯಹೂದಿ ಮಹಿಳೆ ಡಿಕನ್ಸ್‌ಗೆ ಪತ್ರ ಬರೆದಳು. ಡಿಕನ್ಸ್‌ನ ಲಂಡನ್ ಮನೆಯನ್ನು ಕೊಂಡವನ ಹೆಂಡತಿ ಆಕೆ. ಬಡವರ ಪಕ್ಷಪಾತಿಯೆನಿಸಿದ ನೀವು ನಮ್ಮ ಸಮುದಾಯಕ್ಕೆ ದೊಡ್ಡ ಅನ್ಯಾಯ ಮಾಡಿದ್ದೀರಿ ಎಂಬುದು ಅವಳ ದೂರು. ಡಿಕನ್ಸ್ ಮೊದಲು ತನ್ನನ್ನು ಸಮರ್ಥಿಸಿಕೊಂಡ. ಆದರೆ ಮಾತು ನಾಟಿತ್ತು. ಮುಂದಿನ ಕಾದಂಬರಿ 'ಅವರ್ ಮ್ಯೂಚುವಲ್ ಫ್ರೆಂಡ್' (1864-65)ನಲ್ಲಿ ರಾಯ ಎಂಬ ಸಜ್ಜನ ಯಹೂದಿ ವೃದ್ಧನನ್ನು ಸೃಷ್ಟಿಸಿದ. ಅಲ್ಲಿ ಬಡ್ಡಿ ಹಿಂಡುವವನು ಕ್ರೈಸ್ತ ಯುವಕ. ಕೆಟ್ಟ ಹೆಸರು ಬರಲೆಂದು ಅವನು ಮುದುಕನನ್ನು ಮುಂದೆ ನಿಲ್ಲಿಸಿರುತ್ತಾನೆ. ಬೇರೆ ಜನರಲ್ಲಿ ಕೆಟ್ಟವರೂ ಇದ್ದಾರೆ ಒಳ್ಳೆಯವರೂ ಇದ್ದಾರೆ ಎನ್ನುವ ಲೋಕ, ನಮ್ಮಲ್ಲಿನ ಅತಿ ಕೆಟ್ಟವನನ್ನೇ ನಮ್ಮೆಲ್ಲರ ಮಾದರಿಯಾಗಿ ಎತ್ತಿಕೊಳ್ಳುತ್ತದೆ ಎಂದು ರಾಯ ನೊಂದು ಹೇಳುತ್ತಾನೆ. ಒಂದೂವರೆ ಶತಮಾನ ದಾಟಿದ ಈ ಮಾತಿನ ಅರ್ಥವನ್ನು ಅಲ್ಪಸಂಖ್ಯಾತನಾಗಿ ಬದುಕುವ ಯಾವನಿಗೂ ವಿವರಿಸಬೇಕಾಗಿಲ್ಲ. 1867ರ ಆವೃತ್ತಿಗಾಗಿ ಡಿಕನ್ಸ್ 'ಆಲಿವರ್ ಟ್ವಿಸ್ಟ್'ನ ಅನೇಕ ಕಡೆಗಳಲ್ಲಿ 'ಯಹೂದಿ' ಎಂಬ ಪದವನ್ನು ತೆಗೆದುಹಾಕಿದ. ಎಲೈಜಾ ಡೇವಿಸ್ ಅವನಿಗೆ ಹೀಬ್ರೂ ಬೈಬಲೊಂದನ್ನು ಉಡುಗೊರೆಯಾಗಿ ಕಳುಹಿಸಿದಳು. ಫೇಗಿನ್‌ನ ಚಿತ್ರ ಆದರೂ ಅಳಿಸಿ ಹೋಗಲಿಲ್ಲ. ಒಮ್ಮೆ ಜನಮನದಲ್ಲಿ ಕೂತ ಚಿತ್ರವನ್ನು ಬರೆದವನೇ ಕೀಳಲಾರ.

ನಮ್ಮಲ್ಲಿಗೆ

ಇದೇ ಯುಗದ ಕೊನೆಗೆ, 1899ರಲ್ಲಿ, ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಮನ್ನಣೆ ಪಡೆದ ಕೃತಿ ಅದು. ಅದರ ಇನ್ನೊಂದು ಹೆಸರು 'ಸದ್ಧರ್ಮ ವಿಜಯ'. ವಿಧವೆಯರನ್ನು ಶೋಷಿಸುವ ಕಪಟ ಭಕ್ತರನ್ನು ಬಯಲಿಗೆಳೆದ ವೆಂಕಟರಾಯರು ಧರ್ಮವನ್ನು ಸೋಲಿಸಲಿಲ್ಲ, ಗೆಲ್ಲಿಸಿದರು. ನಮ್ಮ ಕಾದಂಬರಿಯೂ ಕಣ್ಣು ತೆರೆದದ್ದು ಸ್ವಂತ ಮನೆಯ ಲೆಕ್ಕ ಕೇಳುತ್ತಲೇ.

ಲೆಕ್ಕ ಕೇಳುವವರಿಗೆ ಸಿಟ್ಟು ಎದುರಾಗುತ್ತದೆ. 'ರೂತ್' ಸುಟ್ಟವರಿಗೂ ತಾವು ಧರ್ಮ ಕಾಪಾಡುತ್ತಿದ್ದೇವೆ ಎಂಬ ನಂಬಿಕೆಯೇ ಇತ್ತು. ಸುತ್ತಲಿನ ಲೋಕ ನಮ್ಮತ್ತ ಬೆರಳು ತೋರಿಸುತ್ತಿರುವಾಗ ಮನೆಯೊಳಗಿನವನೂ ತಪ್ಪು ಹೇಳಿದರೆ ಹೆಚ್ಚು ನೋವಾಗುವುದು ಸಹಜ. ಹಾಗೆಂದು ಅನಾಥಾಲಯದ ಅಡುಗೆಮನೆಯನ್ನು, ದಾನದ ಆಸ್ತಿಯ ಜಮಾಖರ್ಚನ್ನು, ತೊರೆಯಲ್ಪಟ್ಟ ಹೆಣ್ಣಿನ ಮನೆಬಾಗಿಲನ್ನು ನೋಡದೆ ಮುಂದೆ ಸಾಗಲು ಯಾವ ಧರ್ಮದವರಿಗೂ ಬರುವುದಿಲ್ಲ. ಹೊರಗಿನವರು ನಮ್ಮ ಬಗ್ಗೆ ಬರೆದ ಸುಳ್ಳಿಗೆ ಎಲೈಜಾ ಡೇವಿಸ್‌ಳಂತೆ ಪತ್ರ ಬರೆಯೋಣ. ಒಳಗಿನವರು ಬರೆದ ಸತ್ಯವನ್ನು ಕುಳಿತು ಓದೋಣ.